ಚಹಾದಂಗಡಿಯ ಬೆಂಚು ಮತ್ತು ಬಹಿಷ್ಕಾರದ ರಾಜಕೀಯ

2022ರ ಏಪ್ರಿಲ್ 9ರಂದು ಧಾರವಾಡದ ಹತ್ತಿರದ ನುಗ್ಗಿಕೇರಿ ಹನುಮಂತ ದೇವಸ್ಥಾನದ ಆವರಣದಲ್ಲಿ ವೃದ್ಧ ಮುಸ್ಲಿಂ ವ್ಯಾಪಾರಿಯೊಬ್ಬರ ಕಲ್ಲಂಗಡಿ ಹಣ್ಣುಗಳನ್ನು ನೆಲಕ್ಕೆ ಬಡಿದು ಒಡೆಯಲಾಯಿತು. ಕೆಂಪಗೆ ಚೆಲ್ಲಿ ಬಿದ್ದ ಆ ಹಣ್ಣುಗಳ ದೃಶ್ಯವನ್ನು ದೇಶವೇ ನೋಡಿತು. ಅದಕ್ಕೆ ಕೆಲವೇ ದಿನಗಳ ಹಿಂದೆ, ಯುಗಾದಿಯ ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬಾರದೆಂಬ ಅಭಿಯಾನ ರಾಜ್ಯದಲ್ಲಿ ನಡೆದಿತ್ತು. ಜಾತ್ರೆಗಳಲ್ಲಿ ಮುಸ್ಲಿಮರು ಮಳಿಗೆ ಹಾಕುವಂತಿಲ್ಲ ಎಂಬ ಫಲಕಗಳು ಕರಾವಳಿಯಿಂದ ಹೊರಟು ಒಳನಾಡಿಗೂ ಬಂದಿದ್ದವು. ನುಗ್ಗಿಕೇರಿಯ ಘಟನೆಗೆ ಒಂದು ವಾರ ತುಂಬುವಷ್ಟರಲ್ಲಿ, ಏಪ್ರಿಲ್ 16ರ ರಾತ್ರಿ, ಸಾಮಾಜಿಕ ಜಾಲತಾಣದ ಒಂದು ಚಿತ್ರದ ಕಾರಣಕ್ಕೆ ಹಳೇ ಹುಬ್ಬಳ್ಳಿಯ ಪೊಲೀಸ್ ಠಾಣೆಯ ಮುಂದೆ ಕಲ್ಲುಗಳು ಹಾರಿದವು. ಕಲ್ಲೆಸೆದವರನ್ನು ಸಮರ್ಥಿಸುವ ಮಾತೇ ಇಲ್ಲ. ಆದರೆ ಆ ಬಳಿಕ ನೂರಕ್ಕೂ ಹೆಚ್ಚು ಮಂದಿ ಜೈಲು ಸೇರಿದರು. ಅವರಲ್ಲಿ ಅನೇಕರಿಗೆ ಜಾಮೀನು ಸಿಗಲು ವರ್ಷಗಳೇ ಹಿಡಿದವು.

ಈ ಘಟನೆಗಳನ್ನು ಕಾನೂನಿನ ದೃಷ್ಟಿಯಿಂದ, ಚುನಾವಣಾ ರಾಜಕೀಯದ ದೃಷ್ಟಿಯಿಂದ ಬಹಳಷ್ಟು ಚರ್ಚಿಸಲಾಗಿದೆ. ಚರ್ಚೆಗೆ ಬಾರದೆ ಉಳಿದ ಒಂದು ಸಂಗತಿಯಿದೆ. ಬಹಿಷ್ಕಾರದ ಕರೆ ಯಾರನ್ನು ಉದ್ದೇಶಿಸಿ ಹೊರಡುತ್ತದೆ? ವ್ಯಾಪಾರಿಯನ್ನು ಬಲ್ಲವನನ್ನು ಉದ್ದೇಶಿಸಿ ಅಲ್ಲ. ಹತ್ತು ವರ್ಷಗಳಿಂದ ಒಂದೇ ಅಂಗಡಿಯಲ್ಲಿ ಚಹಾ ಕುಡಿಯುವವನಿಗೆ ಆ ಅಂಗಡಿಯವನು ಮೊದಲು ಒಬ್ಬ ಮನುಷ್ಯ. ಮಗಳ ಮದುವೆಗೆ ಸಾಲ ಮಾಡಿಕೊಂಡವನು, ಸಕ್ಕರೆ ಕಾಯಿಲೆಯಿದ್ದೂ ತನ್ನ ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಳ್ಳುವವನು. ಮುಸ್ಲಿಂ ಎಂಬುದು ಆಮೇಲಿನ ಮಾತು. ಅಪರಿಚಿತನಿಗೆ ಮಾತ್ರ ಅವನು ಮೊದಲು ಮುಸ್ಲಿಂ, ಬಳಿಕ ಬೇಕಿದ್ದರೆ ಮನುಷ್ಯ. ಹೀಗಿರುವಾಗ ಒಂದು ಊರಿನಲ್ಲಿ ಪರಿಚಯ ಹುಟ್ಟುವ ಜಾಗಗಳು ಎಷ್ಟಿವೆ, ಅವು ಹೆಚ್ಚುತ್ತಿವೆಯೋ ಕಡಿಮೆಯಾಗುತ್ತಿವೆಯೋ ಎಂಬುದು ನಮ್ಮ ಪಾಲಿಗೆ ಬದುಕಿನ ಪ್ರಶ್ನೆ.

ಹುಬ್ಬಳ್ಳಿ-ಧಾರವಾಡದಲ್ಲಿ ಅಂಥ ಜಾಗಗಳು ಯಾವುವು? ಬಡಾವಣೆಗಳು ಧರ್ಮದ ಲೆಕ್ಕದಲ್ಲಿ ಬೇರೆಯಾಗುತ್ತಿವೆ. ಮಕ್ಕಳ ಶಾಲೆಗಳೂ ಅದೇ ಹಾದಿ ಹಿಡಿದಿವೆ. ಉಳಿದಿರುವುದು ಪೇಟೆ, ಬಸ್ ನಿಲ್ದಾಣ, ಆಸ್ಪತ್ರೆ ಮತ್ತು ಹೋಟೆಲು. ಪೇಟೆಯಲ್ಲಿ ನಾವು ನಿಂತು ಮಾತಾಡುತ್ತೇವೆ, ಅದೂ ಚೌಕಾಸಿಯ ಮಾತು. ಆಸ್ಪತ್ರೆಯಲ್ಲಿ ಮಾತಾಡುವ ಮನಸ್ಸಿರುವುದಿಲ್ಲ. ಧರ್ಮ, ಜಾತಿ, ಕಸುಬು ಬೇರೆಬೇರೆಯಾದವರು ಎದುರುಬದುರು ಕುಳಿತು, ಏನೂ ಕೊಳ್ಳುವ ಮಾರುವ ಅವಸರವಿಲ್ಲದೆ ಕಾಲು ಗಂಟೆ ಕಳೆಯುವುದು ಹೋಟೆಲಿನಲ್ಲಿ ಮಾತ್ರ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ರೈಲು, ರೈಲ್ವೆ ಕಾರ್ಯಾಗಾರ ಮತ್ತು ಹತ್ತಿ ಗಿರಣಿಗಳು ಹುಬ್ಬಳ್ಳಿಯನ್ನು ದುಡಿಯುವವರ ಊರಾಗಿಸಿದವು. ಮನೆಯಿಂದ ದೂರವಿದ್ದು ದುಡಿಯುವ ಗಂಡಸಿಗೆ ಬಿಸಿ ರೊಟ್ಟಿ ಹಾಕುವ ಮನೆಯೇ ಖಾನಾವಳಿ. ಲಿಂಗಾಯತ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ. ಸಹಸ್ರಾರ್ಜುನ ಕ್ಷತ್ರಿಯರ ಸಾವಜಿ ಖಾನಾವಳಿಯಲ್ಲಿ ಕಣ್ಣಲ್ಲಿ ನೀರು ತರಿಸುವ ಖಾರದ ಮಾಂಸ. ಷಾ ಬಜಾರದ ಸುತ್ತಿನ ನಮ್ಮವರ ಹೋಟೆಲುಗಳಲ್ಲಿ ಬಿರಿಯಾನಿ, ಖೀಮಾ. ಸಂಜೆಯಾದರೆ ದುರ್ಗದಬೈಲಿನಲ್ಲಿ ಗಿರ್ಮಿಟ್ ಮತ್ತು ಮಿರ್ಚಿ ಭಜಿ. ಪ್ರತಿಯೊಂದು ಅಡುಗೆಗೂ ಒಂದು ಸಮುದಾಯದ ಗುರುತಿದೆ, ಆದರೆ ತಟ್ಟೆಯ ಮುಂದೆ ಕೂರುವವರಿಗೆ ಆ ಗುರುತಿನ ಕಟ್ಟಿಲ್ಲ. ಸಾವಜಿಯವರ ಮಾಂಸವನ್ನು ನಾವು ತಿನ್ನುವುದಿಲ್ಲ, ಅದು ನಮ್ಮ ನಿಯಮ. ಲಿಂಗಾಯತ ಖಾನಾವಳಿಯ ರೊಟ್ಟಿ-ಪಲ್ಯಕ್ಕೆ ಯಾವ ಅಡ್ಡಿಯೂ ಇಲ್ಲ. ಜೊತೆಯಾಗಿ ಉಂಡರೂ ಬೇರೆಬೇರೆಯಾಗಿ ಉಂಡರೂ ದೋಷವಿಲ್ಲವೆಂದು ಕುರ್‌ಆನಿನ ಅನ್ನೂರ್ ಅಧ್ಯಾಯ ಹೇಳುತ್ತದೆ. ಒಂದೇ ಮೇಜಿಗೆ ಕೂರಲು ಒಂದೇ ಪದಾರ್ಥ ತಿನ್ನಬೇಕೆಂದಿಲ್ಲ ಎಂಬುದನ್ನು ಈ ಊರಿನ ಜನ ಯಾವ ಭಾಷಣವೂ ಇಲ್ಲದೆ ಅರಿತಿದ್ದಾರೆ.

ಧಾರವಾಡದ ಸಪ್ತಾಪುರಕ್ಕೆ ಒಮ್ಮೆ ಹೋಗಿ ನೋಡಬೇಕು. ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿಗಾಗಿ ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ಬಂದ ಯುವಕ ಯುವತಿಯರಿಂದ ಆ ಬಡಾವಣೆ ತುಂಬಿದೆ. ಕೋಣೆ ಬಾಡಿಗೆಗೆ ಕೇಳಿದಾಗ ಹೆಸರು ಕೇಳಿ ಬಾಗಿಲು ಹಾಕುವ ಮನೆ ಮಾಲೀಕರು ಎಲ್ಲ ಊರುಗಳಲ್ಲಿ ಇರುವಂತೆ ಇಲ್ಲಿಯೂ ಇದ್ದಾರೆ. ಖಾನಾವಳಿಯವರು ಕೇಳುವುದು ಮಾತ್ರ ಎಷ್ಟು ರೊಟ್ಟಿ ಎಂದು. ಬಾಗಲಕೋಟೆಯ ಕುರುಬರ ಹುಡುಗ, ಸವಣೂರಿನ ಮುಸ್ಲಿಂ ಹುಡುಗ, ಗದಗಿನ ದಲಿತ ಹುಡುಗ ಒಂದೇ ಸಾಲಿನಲ್ಲಿ ಕುಳಿತು ನಿನ್ನೆಯ ಪ್ರಶ್ನೆಪತ್ರಿಕೆಯ ಸರಿಯುತ್ತರಕ್ಕಾಗಿ ಜಗಳವಾಡುತ್ತಾರೆ. ನಾಳೆ ಇವರಲ್ಲಿ ಒಬ್ಬ ಪಿಎಸ್‌ಐ ಆಗಬಹುದು, ಇನ್ನೊಬ್ಬ ತಹಸೀಲ್ದಾರನಾಗಬಹುದು. ಒಂದು ಊರಿನಲ್ಲಿ ಗಲಭೆಯ ರಾತ್ರಿ ಆ ಪಿಎಸ್‌ಐ ಮುಸ್ಲಿಂ ಮೊಹಲ್ಲಾಕ್ಕೆ ಕಾಲಿಡುವಾಗ ಅವನ ನೆನಪಿನಲ್ಲಿ ಜೊತೆಗೆ ಉಂಡ ಒಬ್ಬ ಮುಸ್ಲಿಂ ಇರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸವಿಲ್ಲವೇ?

ಇನ್ನು ಉದ್ರಿಯ ವಿಷಯ. ಚಹಾದಂಗಡಿಯ ಗಲ್ಲಾದ ಕೆಳಗೆ ಇರುವ ಆ ಎಣ್ಣೆ ಹತ್ತಿದ ಪುಸ್ತಕದಲ್ಲಿ ಹಮಾಲರ, ಆಟೋ ಚಾಲಕರ, ಗ್ಯಾರೇಜಿನ ಹುಡುಗರ ಹೆಸರುಗಳಿರುತ್ತವೆ. ಆಧಾರ್ ಚೀಟಿಯಿಲ್ಲ, ಜಾಮೀನಿಲ್ಲ, ಬಡ್ಡಿಯೂ ಇಲ್ಲ. 'ಸಂತಿ ದಿನಾ ಕೊಡ್ತೇನ್ರೀ ಚಾಚಾ' ಎಂದರೆ ಸಾಕು. ಬಡ್ಡಿಯ ಹರಾಮಿನ ಬಗ್ಗೆ ಜುಮಾದ ಖುತ್ಬಾಗಳಲ್ಲಿ ನಾವು ಕೇಳುವ ಮಾತನ್ನು ಪ್ರತಿದಿನ ಆಚರಿಸುವವನು ಈ ಚಹಾದಂಗಡಿಯವನು. ಅವನಿಗೆ ಅದರ ಅರಿವೂ ಇರಲಾರದು. ಈ ಉದ್ರಿ ಪುಸ್ತಕದಲ್ಲಿ ಹಿಂದೂ ಹೆಸರುಗಳು ಎಷ್ಟು, ಮುಸ್ಲಿಂ ಹೆಸರುಗಳು ಎಷ್ಟು ಎಂದು ಯಾರೂ ಎಣಿಸಿಲ್ಲ. ಎಣಿಸದಿರುವುದೇ ಒಳ್ಳೆಯದು.

ಈಗ ಸರಣಿ ಹೋಟೆಲುಗಳ ಕಡೆಗೆ ಬರೋಣ. ಕರ್ನಾಟಕಕ್ಕೆ ಇವು ಸದ್ದಿಲ್ಲದೆ ಬಂದವಲ್ಲ. 1995ರಲ್ಲಿ ದೇಶದ ಮೊದಲ ಕೆಎಫ್‌ಸಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಪ್ರತಿಭಟಿಸಿತು. 1996ರ ಜನವರಿಯಲ್ಲಿ ಕಾರ್ಯಕರ್ತರು ಆ ಮಳಿಗೆಗೆ ನುಗ್ಗಿದರು. ಅಂದಿನ ವಾದ ರೈತರ ಬೆಳೆ, ವಿದೇಶಿ ಬಂಡವಾಳ ಮತ್ತು ಆರೋಗ್ಯವನ್ನು ಕುರಿತದ್ದಾಗಿತ್ತು. ಒಬ್ಬರ ಪಕ್ಕ ಒಬ್ಬರು ಕೂರುವ ರೀತಿಯೇ ಬದಲಾಗುತ್ತದೆ ಎಂಬ ವಾದವನ್ನು ಆಗ ಯಾರೂ ಗಟ್ಟಿಯಾಗಿ ಮಂಡಿಸಲಿಲ್ಲ. ಇಂದು ಹುಬ್ಬಳ್ಳಿಯ ಗೋಕುಲ ರಸ್ತೆ, ವಿದ್ಯಾನಗರಗಳಲ್ಲಿ ಕೆಂಪು-ಹಳದಿ ಫಲಕಗಳು ಹೊಳೆಯುತ್ತವೆ. ಅಲ್ಲಿನ ತಿನಿಸು ಏನಿರಬೇಕು, ಬೆಲೆ ಎಷ್ಟಿರಬೇಕು ಎಂಬುದು ನೋಯ್ಡಾದಲ್ಲೋ ಮುಂಬಯಿಯಲ್ಲೋ ನಿರ್ಧಾರವಾಗುತ್ತದೆ. ಗಲ್ಲಾದಲ್ಲಿ ನಿಂತ ಹುಡುಗ ಸಂಬಳಕ್ಕಿರುವವನು. ಹಸಿದವನಿಗೆ ಒಂದು ತುಂಡು ಹೆಚ್ಚು ಕೊಡುವ ಅಧಿಕಾರವಾಗಲಿ, ಉದ್ರಿ ಬರೆದುಕೊಳ್ಳುವ ಅಧಿಕಾರವಾಗಲಿ ಅವನಿಗಿಲ್ಲ. ಅವನು ಕೆಟ್ಟವನಲ್ಲ. ಅವನನ್ನು ನೇಮಿಸಿಕೊಂಡ ವ್ಯವಸ್ಥೆಗೆ ಪರಿಚಯದ ಅಗತ್ಯವಿಲ್ಲ, ಅಷ್ಟೆ.

ಸರಣಿ ಹೋಟೆಲು ಎಂದರೆ ಎಲ್ಲೆಡೆಯೂ ಹೀಗೆಯೇ ಎಂದು ಹೇಳಲಾಗದು. ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದಲ್ಲಿ ಕೊರಿಯಾ ಮೂಲದ ಹಿರಿಯರು ಒಂದು ಮ್ಯಾಕ್‌ಡೊನಾಲ್ಡ್ಸ್ ಮಳಿಗೆಯಲ್ಲಿ ಕಡಿಮೆ ಬೆಲೆಯ ಕಾಫಿ ಕೊಂಡು ಗಂಟೆಗಟ್ಟಲೆ ಕೂರುತ್ತಿದ್ದರು. ಮಳಿಗೆಯವರು ಪೊಲೀಸರನ್ನು ಕರೆಸಿದರು, ವೃದ್ಧರು ಮತ್ತೆ ಬಂದು ಕುಳಿತರು. ಕಡೆಗೆ 2014ರ ಜನವರಿಯಲ್ಲಿ ಜನಸಂದಣಿಯ ಹೊತ್ತು ಬಿಟ್ಟು ಕೂರಬಹುದೆಂದು ಒಪ್ಪಂದವಾಯಿತು. ಅಂದರೆ ಜನ ಹಟ ಹಿಡಿದರೆ ಪ್ಲಾಸ್ಟಿಕ್ ಕುರ್ಚಿಯನ್ನೂ ಕಟ್ಟೆಯಾಗಿಸಬಲ್ಲರು. ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಮನೆಯೂ ಅಲ್ಲದ ಕೆಲಸದ ಜಾಗವೂ ಅಲ್ಲದ 'ಮೂರನೆಯ ಜಾಗ' ಇಲ್ಲದ ಸಮಾಜ ಒಳಗಿನಿಂದ ಸೊರಗುತ್ತದೆಂದು ವಾದಿಸಿದರು. ಅವರ ದೇಶದಲ್ಲಿ ಆ ಜಾಗಗಳು ಅದಾಗಲೇ ಕಣ್ಮರೆಯಾಗುತ್ತಿದ್ದವು. ನಮ್ಮಲ್ಲಿ ಇನ್ನೂ ಇವೆ.

ಮಾತಾಡುತ್ತಾ ಕೂರುವ ಜನರನ್ನು ಕಂಡರೆ ಅಧಿಕಾರಕ್ಕೆ ಹಿಂದಿನಿಂದಲೂ ಭಯ. 1511ರಲ್ಲಿ ಮಕ್ಕಾದ ಅಧಿಕಾರಿ ಖೈರ್ ಬೇಗ್ ಕಾಫಿಯನ್ನು ನಿಷೇಧಿಸಿದ. ವೈದ್ಯರು, ವಿದ್ವಾಂಸರನ್ನು ಕೂಡಿಸಿ, ಕಾಫಿ ಮತ್ತೇರಿಸುವ ಪಾನೀಯವೆಂದು ತೀರ್ಪು ಬರೆಸಿಕೊಂಡ. ಚೀಲಗಟ್ಟಲೆ ಬೀಜ ಬೀದಿಯಲ್ಲಿ ಸುಡಲಾಯಿತು. ಆದರೆ ಕೈರೋದ ಸುಲ್ತಾನನ ಆಸ್ಥಾನ ಆ ತೀರ್ಪನ್ನು ಪೂರ್ತಿ ಒಪ್ಪಲಿಲ್ಲ. ಕಾಫಿಗೆ ಅಡ್ಡಿಯಿಲ್ಲ, ಅದಕ್ಕಾಗಿ ಗುಂಪು ಕೂಡುವುದಕ್ಕೆ ಅಡ್ಡಿ ಎಂಬ ಧಾಟಿಯ ಆಜ್ಞೆ ಬಂತು. ಸಮಸ್ಯೆ ಲೋಟದಲ್ಲಿರಲಿಲ್ಲ, ಲೋಟ ಹಿಡಿದು ಕುಳಿತವರಲ್ಲಿತ್ತು. ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ 1675ರಲ್ಲಿ ಕಾಫಿ ಮನೆಗಳನ್ನು ಮುಚ್ಚಿಸಲು ಹೊರಟದ್ದೂ ಇದೇ ಭಯದಿಂದ. ಜನರ ಸಿಟ್ಟಿಗೆ ಹೆದರಿ ದಿನಗಳೊಳಗೆ ಹಿಂದೆಗೆದ. ಇಂದು ಮೊಬೈಲಿನಲ್ಲಿ ಬೇಡಿಕೆ ಸಲ್ಲಿಸಿದರೆ ಬಿರಿಯಾನಿ ಬಾಗಿಲಿಗೆ ಬರುತ್ತದೆ. ತಿನ್ನಿ, ಕೂಡಬೇಡಿ ಎಂಬ ಆ ಸುಲ್ತಾನನ ಆಜ್ಞೆಯನ್ನು ನಾವು ಫರ್ಮಾನು ಇಲ್ಲದೆಯೇ ಪಾಲಿಸುತ್ತಿದ್ದೇವೆ. ಇನ್ನೊಂದು ಸಂಗತಿಯೂ ಇದೆ. ತರುವವನ ಮುಖ ನೋಡದ ಈ ವ್ಯವಸ್ಥೆಯಲ್ಲೂ ಜನ ಅವನ ಹೆಸರನ್ನು ನೋಡುತ್ತಾರೆ. 2019ರ ಜುಲೈನಲ್ಲಿ ಜಬಲ್ಪುರದ ಗ್ರಾಹಕನೊಬ್ಬ, ಊಟ ತರುವವನು ಮುಸ್ಲಿಮನೆಂಬ ಕಾರಣಕ್ಕೆ ಝೊಮ್ಯಾಟೋದ ಬೇಡಿಕೆಯನ್ನು ರದ್ದು ಮಾಡಿದ. ಆ ಸಂಸ್ಥೆ ಮಣಿಯಲಿಲ್ಲ ಎಂಬುದನ್ನು ಮೆಚ್ಚಬೇಕು.

ಇಷ್ಟು ಹೇಳಿದ ಮೇಲೆ ಸ್ಥಳೀಯ ಹೋಟೆಲನ್ನು ಹೊಗಳಿ ಮಾತು ಮುಗಿಸಿದರೆ ಅದು ಅಪ್ರಾಮಾಣಿಕತೆಯಾದೀತು. ಸ್ಥಳೀಯವಾದದ್ದೆಲ್ಲ ಸೌಹಾರ್ದವಲ್ಲ. ಬ್ರಿಟಿಷರ ಕಾಲದ ರೈಲು ನಿಲ್ದಾಣಗಳಲ್ಲಿ ಹಿಂದೂಗಳಿಗೆ ಬೇರೆ ನೀರು, ಮುಸ್ಲಿಮರಿಗೆ ಬೇರೆ ನೀರು ಇತ್ತು. ಹಳ್ಳಿಯ ಚಹಾದಂಗಡಿಯಲ್ಲಿ ದಲಿತನಿಗೆ ಬೇರೆ ಲೋಟ ಇಡುವ ಪದ್ಧತಿ ನಿನ್ನೆ ಮೊನ್ನೆಯದಲ್ಲ, ಪೂರ್ತಿ ಹೋಗಿಯೂ ಇಲ್ಲ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಕೇರಿಗೆ ಬೆಂಕಿ ಬಿತ್ತು; ಹೋಟೆಲು ಮತ್ತು ಕ್ಷೌರದಂಗಡಿಗೆ ದಲಿತರಿಗೆ ಪ್ರವೇಶ ನಿರಾಕರಿಸಿದ ವಿವಾದ ಅದರ ಹಿನ್ನೆಲೆಯಲ್ಲಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು, ಪ್ರಕರಣ ಬಳಿಕ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲೇ ಇದು ನಡೆದದ್ದು. ಪರಿಚಯದಲ್ಲಿ ಸಮಾನತೆ ತಾನಾಗಿ ಹುಟ್ಟುವುದಿಲ್ಲ. ಜಾತಿ ಕೇಳದ ಸರಣಿ ಹೋಟೆಲಿನ ಕೌಂಟರು ದಲಿತ ಯುವಕನಿಗೆ ಬಿಡುಗಡೆಯಂತೆ ಕಂಡರೆ ಅವನನ್ನು ಆಕ್ಷೇಪಿಸುವ ನೈತಿಕ ಹಕ್ಕು ಯಾರಿಗೂ ಇಲ್ಲ.

ನಮ್ಮ ಹೋಟೆಲುಗಳ ವಿಷಯಕ್ಕೆ ಬಂದರೆ ಅಲ್ಲಿ ಇನ್ನೊಂದು ಬಗೆಯ ಮುಚ್ಚಿದ ಬಾಗಿಲಿದೆ. ನಮ್ಮ ಮನೆಗಳ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಷಾ ಬಜಾರದ ಹೋಟೆಲಿನ ಒಳಗೆ ಕುಳಿತು ಚಹಾ ಕುಡಿದಿದ್ದಾರೆ? ಅವರ ಪಾಲಿಗೆ ಆ ಹೋಟೆಲೆಂದರೆ ಗಂಡನೋ ಮಗನೋ ರಾತ್ರಿ ತರುವ ಪಾರ್ಸೆಲ್. ಹೆಚ್ಚೆಂದರೆ ಮೂಲೆಯಲ್ಲಿ ಪರದೆ ಎಳೆದ, ಗಾಳಿಯಾಡದ ಒಂದು 'ಫ್ಯಾಮಿಲಿ ರೂಮ್'. ಅದೇ ತಾಯಿ, ಅದೇ ಮಗಳು ಬುರ್ಖಾ ಧರಿಸಿ ಮಾಲ್‌ನ ಹೋಟೆಲಿಗೆ ಹೋದರೆ ಬೆಳಕಿನಲ್ಲಿ, ಕಿಟಕಿಯ ಪಕ್ಕ ಕುಳಿತು ತಿನ್ನುತ್ತಾರೆ. ಮುಸ್ಲಿಂ ಕುಟುಂಬಗಳು ಸರಣಿ ಹೋಟೆಲುಗಳತ್ತ ಸರಿಯುತ್ತಿರುವುದನ್ನು ಪಾಶ್ಚಾತ್ಯ ಅನುಕರಣೆಯೆಂದು ಮಿಂಬರಿನಿಂದ ಖಂಡಿಸುವುದು ಸುಲಭ. ಹೆಣ್ಣುಮಕ್ಕಳಿಗೆ ಕೂರಲು ನಾವು ಎಲ್ಲಿ ಜಾಗ ಬಿಟ್ಟಿದ್ದೇವೆ ಎಂಬ ಪ್ರಶ್ನೆಗೆ ಉತ್ತರಿಸುವುದು ಕಷ್ಟ. ಈದ್‌ನ ದಿನ ನಮಾಝ್ ನಿರ್ವಹಿಸಲಾಗದ ಸ್ಥಿತಿಯಲ್ಲಿರುವ ಸ್ತ್ರೀಯರನ್ನೂ ಈದ್‌ಗಾಹ್‌ಗೆ ಕರೆತರಬೇಕೆಂದು ಪ್ರವಾದಿ(ಸ) ಸೂಚಿಸಿದ್ದರು. ಸಮುದಾಯದ ಕೂಟದಿಂದ ಅವರು ಹೊರಗುಳಿಯಬಾರದು ಎಂಬ ಕಾಳಜಿ ಅದರಲ್ಲಿತ್ತು. ಅದೇ ಪ್ರವಾದಿಯ(ಸ) ಅನುಯಾಯಿಗಳ ಹೋಟೆಲಿಗೆ ಹೆಣ್ಣುಮಕ್ಕಳ ಬೆಂಚು ಇಡಲು ನೂರು ವರ್ಷ ಸಾಲಲಿಲ್ಲ!

ಎರಡನೆಯ ಮಾತು ಶುಚಿತ್ವದ್ದು. 2024ರ ಜುಲೈನಲ್ಲಿ ಕಾಂವಡ್ ಯಾತ್ರೆಯ ಹಾದಿಯ ಅಂಗಡಿಗಳು ಮಾಲಕರ ಹೆಸರನ್ನು ಬರೆದು ಹಾಕಬೇಕೆಂಬ ಆದೇಶವನ್ನು ಸುಪ್ರೀಂ ಕೋರ್ಟ್ ತಡೆಯಿತು. ಆ ವಿಚಾರಣೆಯಲ್ಲಿ ನ್ಯಾಯಮೂರ್ತಿ ಎಸ್.ವಿ.ಎನ್. ಭಟ್ಟಿಯವರು ಕೇರಳದಲ್ಲಿದ್ದಾಗಿನ ತಮ್ಮ ಅನುಭವವನ್ನು ಪ್ರಸ್ತಾಪಿಸಿದರು. ಒಂದು ಊರಿನಲ್ಲಿ ಹಿಂದೂ ನಡೆಸುವ ಸಸ್ಯಾಹಾರಿ ಹೋಟೆಲೂ ಇತ್ತು, ಮುಸ್ಲಿಂ ನಡೆಸುವ ಸಸ್ಯಾಹಾರಿ ಹೋಟೆಲೂ ಇತ್ತು; ತಾವು ಹೋಗುತ್ತಿದ್ದುದು ಎರಡನೆಯದಕ್ಕೆ, ಏಕೆಂದರೆ ದುಬೈಯಿಂದ ಮರಳಿದ ಅದರ ಮಾಲಕ ಅಂತಾರಾಷ್ಟ್ರೀಯ ಮಟ್ಟದ ಶುಚಿತ್ವ ಪಾಲಿಸುತ್ತಿದ್ದ ಎಂದರು. ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ನಮ್ಮ ಪರವಾಗಿ ಸಾಕ್ಷಿ ನುಡಿದದ್ದು ಒಂದು ಹೋಟೆಲಿನ ತೊಳೆದ ನೆಲ. ಶುಚಿತ್ವ ಈಮಾನಿನ ಭಾಗವೆಂದು ಮದ್ರಸದಲ್ಲಿ ಕಲಿತವರು ಕೈ ತೊಳೆಯುವ ಬೇಸಿನ್ನಿನ ಪಕ್ಕ ಸಾಬೂನು ಇಡದಿರುವುದಕ್ಕೆ ಯಾವ ಸಂಚನ್ನು ದೂರೋಣ?

ಬಹಿಷ್ಕಾರ ಎಂಬುದು ನಮ್ಮ ಮೇಲೆ ಪ್ರಯೋಗವಾಗುವ ಅಸ್ತ್ರ ಮಾತ್ರವಲ್ಲ, ನಾವೂ ಅದನ್ನು ಕೈಗೆತ್ತಿಕೊಂಡವರು. 2023ರ ಅಕ್ಟೋಬರ್‌ನಲ್ಲಿ ಇಸ್ರೇಲಿನ ಮ್ಯಾಕ್‌ಡೊನಾಲ್ಡ್ಸ್ ಅಲ್ಲಿನ ಸೈನಿಕರಿಗೆ ಉಚಿತ ಊಟ ಹಂಚಿದಾಗ ಜಗತ್ತಿನಾದ್ಯಂತ ಮುಸ್ಲಿಮರು ಅದರಿಂದ ದೂರ ಸರಿದರು. ವ್ಯಾಪಾರಕ್ಕೆ ಪೆಟ್ಟು ಬಿದ್ದದ್ದನ್ನು ಕಂಪೆನಿಯೇ ಒಪ್ಪಿಕೊಂಡಿತು, 2024ರಲ್ಲಿ ಇಸ್ರೇಲಿನ 225 ಮಳಿಗೆಗಳನ್ನು ಸ್ಥಳೀಯ ಮಾಲಕನಿಂದ ಮರಳಿ ಕೊಂಡುಕೊಂಡಿತು. ಗಾಝಾದ ಮಕ್ಕಳ ನೋವಿಗೆ ಸ್ಪಂದಿಸಿದ ಆ ಮನಸ್ಸು ಗೌರವಾರ್ಹ. ಆದರೆ ನಮ್ಮ ಊರುಗಳಲ್ಲಿ ಆ ಮೇಜಿನಿಂದ ಎದ್ದವರು ಹೋದದ್ದೆಲ್ಲಿಗೆ? ಬಹುತೇಕರು ಪಕ್ಕದ ಇನ್ನೊಂದು ಸರಣಿ ಹೋಟೆಲಿಗೆ, ಇಲ್ಲವೇ ಮನೆಯ ಸೋಫಾಕ್ಕೆ. ಮೊಹಲ್ಲಾದ ಹೋಟೆಲಿನ ಬೆಂಚಿಗೆ ಬಂದವರು ಕಡಿಮೆ.

ನಮ್ಮ ಮದುವೆಗಳ ಕಥೆಯೂ ಇದೇ. ಶ್ರೀಮಂತರನ್ನು ಕರೆದು ಬಡವರನ್ನು ಬಿಡುವ ವಲೀಮಾದ ಊಟ ಅತ್ಯಂತ ಕೆಟ್ಟ ಊಟವೆಂದು ಹದೀಸ್ ಎಚ್ಚರಿಸುತ್ತದೆ. ನಾವು ಶಾದಿಮಹಲ್‌ನಲ್ಲಿ ಆಮಂತ್ರಣ ಪತ್ರಿಕೆಯ ಲೆಕ್ಕದಲ್ಲಿ ತಟ್ಟೆ ಎಣಿಸುತ್ತೇವೆ. ಹಿಂದೂ ಅತಿಥಿಗಳಿಗೆ ಬೇರೆ ಕೋಣೆ, ಬೇರೆ ಅಡುಗೆ. ಸಸ್ಯಾಹಾರಿಗಳಿಗೆ ಬೇರೆ ಅಡುಗೆ ಮಾಡುವುದು ಸೌಜನ್ಯ, ಬೇರೆ ಕೋಣೆ ಮಾತ್ರ ಅನಗತ್ಯ.

ಪರಿಚಯವೊಂದೇ ಸಾಕೇ ಎಂಬ ಪ್ರಶ್ನೆಗೆ ಅಶುತೋಷ್ ವಾರ್ಷ್ಣೇಯ ಅವರ 2002ರ ಅಧ್ಯಯನದಲ್ಲಿ ಕಹಿಯಾದ ಉತ್ತರವಿದೆ. ಕಲ್ಲಿಕೋಟೆ ಮತ್ತು ಅಲಿಗಢ ಮುಂತಾದ ನಗರಗಳನ್ನು ಹೋಲಿಸಿ ಅವರು ಕಂಡುಕೊಂಡದ್ದೇನೆಂದರೆ, ಹಳ್ಳಿಯಲ್ಲಿ ನೆರೆಹೊರೆಯ ದಿನನಿತ್ಯದ ಒಡನಾಟವೇ ಶಾಂತಿ ಕಾಯಬಲ್ಲದು. ದೊಡ್ಡ ನಗರದಲ್ಲಿ ಅದು ಸಾಲದು, ಹಿಂದೂ-ಮುಸ್ಲಿಮರು ಜೊತೆಯಾಗಿರುವ ವ್ಯಾಪಾರಿ ಸಂಘ, ಕಾರ್ಮಿಕ ಸಂಘ, ಓದುಗರ ಸಂಘಗಳು ಬೇಕು. 1994ರ ಆಗಸ್ಟ್ 15ರಂದು ಈದ್‌ಗಾಹ್ ಮೈದಾನದ ವಿವಾದದಲ್ಲಿ ಪೊಲೀಸರ ಗುಂಡಿಗೆ ಜೀವಗಳು ಬಲಿಯಾದಾಗ ಹುಬ್ಬಳ್ಳಿಯಲ್ಲಿ ಚಹಾದಂಗಡಿಗಳಿಗೆ ಕೊರತೆಯಿರಲಿಲ್ಲ. ಬೆಂಚು ಗಲಭೆಯನ್ನು ತಡೆಯಲಾರದು. ಗಲಭೆಯ ಮರುದಿನ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಅದು ತಿಳಿಸುತ್ತದೆ, ಮತ್ತು ಸಂಘ ಕಟ್ಟಲು ಬೇಕಾದ ಜನರನ್ನು ಒಂದೆಡೆ ಸೇರಿಸುತ್ತದೆ. ಹೋಟೆಲು ಮಾಲಕರ ಸಂಘಗಳಲ್ಲಿ ನಮ್ಮವರು ಚಂದಾ ಕೊಟ್ಟು ಸುಮ್ಮನಿರುವ ಸದಸ್ಯರಾಗಿ ಉಳಿಯದೆ ಜವಾಬ್ದಾರಿ ಹೊರಬೇಕೆಂದು ಹೇಳುವುದು ಈ ಕಾರಣಕ್ಕೆ.

ಅವಳಿ ನಗರದ ಜಮಾಅತ್‌ಗಳು, ಅಂಜುಮನ್‌ಗಳು ಇದರಲ್ಲಿ ಮಾಡಬಹುದಾದ ಕೆಲಸ ದೊಡ್ಡದೇನೂ ಅಲ್ಲ. ಬೈತುಲ್‌ಮಾಲ್‌ನ ಬಡ್ಡಿರಹಿತ ಸಾಲವನ್ನು ಮೊಹಲ್ಲಾದ ಸಣ್ಣ ಹೋಟೆಲುಗಳ ದುರಸ್ತಿಗೂ ಕೊಡಲಿ. ನೀರು, ಸಾಬೂನು, ಬೆಳಕು, ಕನ್ನಡದಲ್ಲಿ ಬರೆದ ದರಪಟ್ಟಿ ಇವಿಷ್ಟು ಇರಲಿ. ರಮಝಾನಿನ ಸಂಜೆ ಇಫ್ತಾರಿಗೆ ರಾಜಕಾರಣಿಗಳನ್ನು ಕರೆದು ಫೋಟೋ ತೆಗೆಸಿಕೊಳ್ಳುವ ಖರ್ಚಿನಲ್ಲಿ ಸ್ವಲ್ಪ ಉಳಿಸಿ, ಅದೇ ಹೋಟೆಲಿನ ಬೆಂಚುಗಳಲ್ಲಿ ಪಕ್ಕದ ಅಂಗಡಿಯ ಬಸಪ್ಪನವರನ್ನೂ ಮಾರುತಿ ಅವರನ್ನೂ ಕೂರಿಸಿ ಖರ್ಜೂರ ಕೊಡಲಿ. ಉಣಿಸುವುದು ಮತ್ತು ಪರಿಚಿತರಿಗೂ ಅಪರಿಚಿತರಿಗೂ ಸಲಾಮ್ ಹೇಳುವುದು ಇಸ್ಲಾಮಿನ ಶ್ರೇಷ್ಠ ಕರ್ಮಗಳೆಂದು ಪ್ರವಾದಿ(ಸ) ಹೇಳಿದ್ದಾರೆ. ಈ ಎರಡೂ ಒಟ್ಟಿಗೆ ನಡೆಯುವ ಜಾಗ ಹೋಟೆಲಲ್ಲದೆ ಇನ್ನೆಲ್ಲಿ? ಇಂಥ ಸಾಲದ ಮೊದಲ ಅರ್ಜಿ ಯಾವ ಜಮಾಅತ್‌ನ ಮುಂದೆ ಬರುತ್ತದೋ ಅದು ಒಂದು ಷರತ್ತನ್ನು ಮರೆಯದೆ ಬರೆಸಿಕೊಳ್ಳಲಿ: ಹೆಣ್ಣುಮಕ್ಕಳು ಕೂರುವ ಬೆಂಚು ಪರದೆಯ ಹಿಂದಿನ ಕತ್ತಲೆಯ ಮೂಲೆಯಲ್ಲಿರದೆ ಕಿಟಕಿಯ ಪಕ್ಕದಲ್ಲಿರಬೇಕು.